ಆ ಕೋಣೆಯ ಸ್ಪೀಡು

ನಾನು ವಾಡಿಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುವವನು. ದೆವ್ವ-ಗಿವ್ವ ನಂಬುವುದಿಲ್ಲ, ನಡೆದದ್ದನ್ನಷ್ಟೇ ಹೇಳುತ್ತೇನೆ.

ಶಹಾಬಾದದ ಜಗದೇವಿ ಮನೆಯಲ್ಲೇ ಮದುವೆ ಆಲ್ಬಮ್ ಮಾಡುತ್ತಾರೆ. ಶ್ರಾವಣದಲ್ಲಿ ನನ್ನನ್ನು ಕರೆಸಿದರು. ಕಂಪ್ಯೂಟರಿಗೆ ವೇಗದ ಹೊಸ ಎಸ್‌ಎಸ್‌ಡಿ ಡ್ರೈವ್ ಹಾಕಿಸಿದರೂ ಫೋಟೋ ಕಾಪಿಯಾಗಲು ಇಡೀ ಮಧ್ಯಾಹ್ನ ಹಿಡಿಯುತ್ತಿತ್ತು. ಕೇಬಲ್ ಬದಲಿಸಿದೆ, ವಿಂಡೋಸ್ ಹೊಸದಾಗಿ ಹಾಕಿದೆ. ಉಪಯೋಗವಾಗಲಿಲ್ಲ. ಅದೇ ಡ್ರೈವ್ ನನ್ನ ಅಂಗಡಿಯಲ್ಲಿ ಚೆನ್ನಾಗಿ ಓಡಿತು. ಮರುದಿನ ತಂದು ಜೋಡಿಸಿದರೆ ಮತ್ತೆ ಆಮೆ ನಡಿಗೆ.

ಕಂಪ್ಯೂಟರ್ ಇದ್ದ ಕೋಣೆಯಲ್ಲೇ ಮಂಚದ ಮೇಲೆ ಅವರ ತಾಯಿ ಶಿವಕಾಂತಮ್ಮ ಕಣ್ಣು ಮುಚ್ಚಿ ಮಲಗಿದ್ದರು. ನಾನು ಬಂದಾಗ ಹಚ್ಚಿದ ಊದಿನಕಡ್ಡಿ ಹೊಗೆಯಾಡುತ್ತಲೇ ಇತ್ತು, ಗಿಡ್ಡವಾಗಿರಲಿಲ್ಲ. ಕೊಟ್ಟ ಚಹಾ ಕಿಟಕಿಯ ಕಲ್ಲಿನ ಮೇಲಿಟ್ಟು ಮರೆತಿದ್ದೆ. ಎಷ್ಟೋ ಹೊತ್ತಿನ ಮೇಲೆ ಎತ್ತಿಕೊಂಡರೆ ಕೈ ಸುಟ್ಟಿತು. ಆರಲಿ ಎಂದು ಅಲ್ಲೇ ಇಟ್ಟೆ.

“ಅಕ್ಕಾರ, ಈ ಕಂಪ್ಯೂಟರ್ ಪಡಸಾಲ್ಯಾಗ ಇಟ್ಟು ನೋಡೂಣು,” ಎಂದೆ.

ಪಡಸಾಲೆಯಲ್ಲಿ ಡ್ರೈವ್ ಪೂರ್ತಿ ಸ್ಪೀಡಿನಲ್ಲಿ ಓಡಿತು.

“ಅಮ್ಮಾರ ಮಂಚಾನೂ ಹೊರಗ ಹಾಕ್ಲೇನ್ರಿ? ಇಲ್ಲಿ ಗಾಳಿ ಭಾಳ ಚಲೋ ಅದ.”

ಜಗದೇವಿ ಬಾಗಿಲಿಗೆ ಅಡ್ಡ ನಿಂತರು. “ಬ್ಯಾಡ್ರಿ ಅಣ್ಣಾ. ಅವ್ವ ಬೆಳಗಾಗೂತನ ಉಳಿಯಂಗಿಲ್ಲ ಅಂತ ಡಾಕ್ಟರ್ ಹೇಳ್ಯಾರ.”

“ಯಾವಾಗ್ರಿ?”

“ಹ್ವಾದ ವರ್ಷ, ಯುಗಾದಿ ದಿನ.”

ದೀಪಾವಳಿ ಮುಗಿದ ಮೇಲೆ ಮಾನಿಟರ್ ರಿಪೇರಿಗೆ ಮತ್ತೆ ಹೋದೆ. ಆ ಕೋಣೆಗೆ ಇಣುಕಿದೆ. ಶ್ರಾವಣದಲ್ಲಿ ಕಿಟಕಿಯ ಕಲ್ಲಿನ ಮೇಲಿಟ್ಟ ನನ್ನ ಚಹಾ ಕಪ್ಪನ್ನು ಯಾರೂ ಎತ್ತಿರಲಿಲ್ಲ. ಶಿವಕಾಂತಮ್ಮ ಕಣ್ಣು ತೆರೆದು ನನ್ನನ್ನೇ ನೋಡುತ್ತಿದ್ದರು.

“ಚಹಾ ಆರ್ಲಿಕತ್ತದ, ಕುಡಿಯೋ ತಮ್ಮಾ,” ಎಂದರು.

ಕಪ್ಪು ಮುಟ್ಟಿ ನೋಡಿದೆ. ಉಗುರುಬೆಚ್ಚಗಿತ್ತು.