ಇನ್ನೂರು ಗಜದಾಚೆಯ ಬಿಳಿ ತಟ್ಟೆ

"ಎಡಕ್ಕೆ, ಒಂದು ಮೊಳ," ಅಂದೆ.

"ಈಗಷ್ಟೇ ಬಲಕ್ಕೆ ಅಂದ್ಯಲ್ಲೇ ಆರ್ಡಿಸ್?"

"ಆಗ ಗುಂಡು ಬಲಕ್ಕೇ ಬಿದ್ದಿತ್ತು. ಈಗ ಎಡಕ್ಕೆ."

ಥೇನ್ ಪಿಸ್ತೂಲು ಇಳಿಸಿ ನನ್ನ ಕಡೆ ನೋಡಿದ. ಸಿಟ್ಟು ಬಂದರೆ ಅವನ ಎಡ ಹುಬ್ಬು ಮಾತ್ರ ಮೇಲೇರುತ್ತದೆ. ಅದನ್ನು ನೋಡಿದರೆ ನನಗೂ ಸಿಟ್ಟು ಬರಬೇಕು. ಬರುವುದಿಲ್ಲ. ಅದೇ ನನ್ನ ಕಷ್ಟ.

ಮೊಂಟಾನಾದ ನಮ್ಮ ಬೋಳುಗುಡ್ಡಗಳಲ್ಲಿ ಈ ಆಟ ಇಬ್ಬರದು. ಇನ್ನೂರು ಗಜದಾಚೆ ಬಿಳಿ ಬಣ್ಣ ಬಳಿದ ಉಕ್ಕಿನ ತಟ್ಟೆ ತೂಗುತ್ತಿರುತ್ತದೆ. ಒಬ್ಬರು ಹೊಡೆಯಬೇಕು. ಇನ್ನೊಬ್ಬರು ದುರ್ಬೀನಿನಲ್ಲಿ ಧೂಳೆದ್ದ ಜಾಗ ನೋಡಿ ಹೇಳಬೇಕು. ಕಂಡದ್ದನ್ನಷ್ಟೇ ಹೇಳಬೇಕು, ಬುದ್ಧಿ ಹೇಳಬಾರದು. ಇಲ್ಲಿಯ ರೂಢಿ ಅದು. ನಾಲ್ಕು ಜನರ ಮುಂದೆ ಬಾಯಿ ಬಿಡಲಾಗದ ನನಗೆ ಇದಕ್ಕಿಂತ ಹಿತವಾದ ಕೆಲಸ ಸಿಗುತ್ತಿರಲಿಲ್ಲ. ಎಡ, ಬಲ, ಮೇಲೆ, ಕೆಳಗೆ. ಇಷ್ಟೇ ಮಾತಿನಲ್ಲಿ ಒಂದು ವರ್ಷದ ಭಾನುವಾರಗಳನ್ನೆಲ್ಲ ಅವನ ಪಕ್ಕ ಕಳೆದುಬಿಟ್ಟೆ.

"ಈ ಚುಕ್ಕಿನೂ ಹಾಳು," ಅಂದ. ಪಿಸ್ತೂಲಿನ ಮೇಲೆ ಕೂರಿಸಿದ ಬೆರಳಗಲದ ಗಾಜಿನೊಳಗೆ ಕೆಂಪು ಚುಕ್ಕಿ ಹೊಳೆಯುತ್ತದೆ. ಅದನ್ನು ತಟ್ಟೆಯ ಮೇಲಿಟ್ಟು ಹೊಡೆಯಬೇಕು. "ಚುಕ್ಕಿಯೇನೇ ಇದು? ಯಾರೋ ಸಾಸ್ ಚೆಲ್ಲಿ ಬೆರಳಲ್ಲಿ ಎಳೆದ ಹಾಗಿದೆ."

ಹಳೆಯದನ್ನು ಎರಡು ಸಲ ಕಂಪನಿಗೆ ವಾಪಸ್ ಕಳಿಸಿದ್ದ. ಎರಡು ಸಲವೂ "ಏನೂ ದೋಷವಿಲ್ಲ" ಅಂತ ಚೀಟಿ ಇಟ್ಟು ಕಳಿಸಿದ್ದರು. ಇದು ಹೊಚ್ಚಹೊಸದು.

ದೋಷ ಎಲ್ಲಿದೆ ಅಂತ ನನಗೆ ಮೂರು ವಾರದಿಂದ ಗೊತ್ತಿತ್ತು. ಆದರೆ "ನಮ್ಮ ಮನೆತನದ್ದು ಗಿಡುಗನ ಕಣ್ಣು" ಅಂತ ದಿನಕ್ಕೆರಡು ಸಲ ಹೇಳಿಕೊಳ್ಳುವವನಿಗೆ ಅದನ್ನು ಹೇಗೆ ಹೇಳುವುದು? ಡೈರಿಯಲ್ಲಿ ನಾಲ್ಕು ಥರ ಬರೆದು ನೋಡಿದ್ದೆ. ನಾಲ್ಕೂ ಹೊಡೆದು ಹಾಕಿದ್ದೆ.

ಹಿಂದಿನಿಂದ ವರ್ಲಿನ್ ಬಂದ. ಈ ಮೈದಾನ ನೋಡಿಕೊಳ್ಳುವ ಮುದುಕ, ಸದಾ ಸೂರ್ಯಕಾಂತಿ ಬೀಜ ಅಗಿಯುತ್ತಿರುತ್ತಾನೆ.

"ಮಕ್ಕಳೇ, ಶನಿವಾರದ ಪಂದ್ಯಕ್ಕೆ ಜೋಡಿ ಹೆಸರು ಈಗಲೇ ಹೇಳ್ಬೇಕು. ಈ ವರ್ಷ ಪೂರ್ತಿ ಅದೇ ಜೋಡಿ, ಆಮೇಲೆ ಬದಲಾಯಿಸೋ ಹಾಗಿಲ್ಲ."

ಥೇನ್ ಪಿಸ್ತೂಲಿನ ಗುಂಡು ತೆಗೆದು ಮೇಜಿನ ಮೇಲಿಟ್ಟ. ನನ್ನ ಮುಖ ನೋಡಲಿಲ್ಲ.

"ನಾನು ಬೇರೆ ಯಾರನ್ನಾದ್ರೂ ಕರ್ಕೋತೀನಿ ವರ್ಲಿನ್. ಆರ್ಡಿಸ್‌ಗೆ ಧೂಳು ಸರಿಯಾಗಿ ಕಾಣ್ತಿಲ್ಲ ಅನ್ಸುತ್ತೆ."

ನನಗೆ ಕಾಣುತ್ತಿಲ್ಲವಂತೆ!

ಕಿವಿ ಬಿಸಿಯಾಯಿತು. ಫೋನ್ ತೆಗೆದೆ. ಅವನ ಹೊಸ ಚುಕ್ಕಿಯ ಗಾಜಿನ ಹಿಂದೆ ಹಿಡಿದು ಫೋಟೋ ತೆಗೆದು ಅವನ ಮೂಗಿನ ಮುಂದಿಟ್ಟೆ.

"ನೋಡು. ದುಂಡಗಿದೆ. ಸಾಸಿವೆ ಕಾಳಿನ ಹಾಗಿದೆ. ಹಳೆಯದೂ ಹೀಗೇ ಇತ್ತು, ಅದರದ್ದೂ ಫೋಟೋ ಇದೆ. ಕ್ಯಾಮೆರಾಗೆ ದುಂಡಗೆ ಕಾಣೋದು ನಿನಗೆ ಮಾತ್ರ ಯಾಕೋ ಚೆಲ್ಲಿದ ಹಾಗೆ ಕಾಣುತ್ತೆ? ಚುಕ್ಕಿ ಕೆಟ್ಟಿಲ್ಲ, ಥೇನ್. ನಿನ್ನ ಕಣ್ಣು ಕೆಟ್ಟಿದೆ. ನನಗೂ ಕನ್ನಡಕ ತೆಗೆದರೆ ಹಾಗೇ ಕಾಣೋದು."

ವರ್ಲಿನ್ ಬೀಜ ಅಗಿಯುವುದನ್ನು ನಿಲ್ಲಿಸಿದ. "ನಿನಗೆ ಇಷ್ಟೊಂದು ಮಾತು ಬರುತ್ತೇನಮ್ಮಾ?"

ಥೇನ್ ಫೋನ್ ಕೈಗೆ ತೆಗೆದುಕೊಂಡ. ಫೋಟೋ ನೋಡಿದ, ಗಾಜಿನಲ್ಲಿ ನೋಡಿದ, ಮತ್ತೆ ಫೋಟೋ ನೋಡಿದ. ಆಮೇಲೆ ಕೈ ಚಾಚಿ ನನ್ನ ಮುಖದಿಂದ ಕನ್ನಡಕ ತೆಗೆದು ತಾನು ಹಾಕಿಕೊಂಡ. ಅವನ ಬೆರಳು ನನ್ನ ಕಿವಿಗೆ ತಾಗಿತು. ಅವನಿಗದು ಗೊತ್ತೂ ಆಗಲಿಲ್ಲ.

"ಅಯ್ಯೋ," ಅಂದ ಮೆಲ್ಲಗೆ. "ಪೂರ್ತಿ ದುಂಡಗಿಲ್ಲ. ಆದ್ರೆ... ಸಾಸ್ ಅಲ್ಲ."

ಈಗ ನನಗೆ ಅವನ ಮುಖ ಬರೀ ಒಂದು ಮಸುಕು. ಹುಬ್ಬಿಲ್ಲ, ಕಣ್ಣಿಲ್ಲ, ನಗುತ್ತಿದ್ದಾನೋ ಮುನಿದಿದ್ದಾನೋ ತಿಳಿಯದು. ಜನ್ಮದಲ್ಲಿ ಮೊದಲ ಸಲ ಅವನ ಮುಂದೆ ನಾಚಿಕೆಯಾಗಲಿಲ್ಲ.

"ಮೂರು ವಾರ ಸುಮ್ಮನಿದ್ದೆ," ಅಂದೆ. "ಹೇಳಿದರೆ ನೀನು ಇಲ್ಲಿಗೆ ಬರೋದೇ ಬಿಡ್ತೀಯ ಅಂತ. ಹೇಳದೇ ಇದ್ದದ್ದಕ್ಕೆ ನನ್ನನ್ನೇ ಬಿಡೋಕೆ ಹೊರಟೆ. ನನಗೆ ಆ ತಟ್ಟೆ ಬೇಡ, ಪಂದ್ಯ ಬೇಡ. ಭಾನುವಾರ ನಿನ್ನ ಪಕ್ಕ ಕೂರೋ ಜಾಗ ಬೇಕಿತ್ತು, ಅಷ್ಟೇ. ಅದನ್ನ ಇನ್ನೊಬ್ಬರಿಗೆ ಕೊಡ್ತಿದ್ದೀಯ."

ಗಾಳಿಗೆ ಒಣಹುಲ್ಲು ಸರಿದಾಡಿತು. ಮಸುಕು ಅಲ್ಲಾಡಲಿಲ್ಲ.

"ವರ್ಲಿನ್," ಅಂತು ಅದು ಕೊನೆಗೆ. "ನಮ್ಮಿಬ್ಬರದ್ದೇ ಹೆಸರು ಬರ್ಕೋ."

"ಮೊದಲು ಕಣ್ಣಿನ ಡಾಕ್ಟರ ಹತ್ರ ಹೋಗಪ್ಪಾ, ಗಿಡುಗರಾಜ," ಅಂದ ಮುದುಕ. ಅವನ ಬೂಟಿನ ಸದ್ದು ದೂರ ಹೋಯಿತು.

"ಕನ್ನಡಕ ಕೊಡು," ಅಂದೆ.

"ಕೊಡಲ್ಲ."

"ಥೇನ್!"

"ಒಂದು ನಿಮಿಷ ಇರೇ." ಅವನ ದನಿ ಸಣ್ಣಗಾಗಿತ್ತು, ನನ್ನ ದನಿಯಷ್ಟೇ ಸಣ್ಣಗೆ. "ನಿನಗೆ ನನ್ನ ಮುಖ ಕಾಣದೇ ಇರೋವಾಗಲೇ ಹೇಳಿಬಿಡಬೇಕಾದ್ದು ನನಗೂ ಒಂದಿದೆ."