ಒಂದುಸಿರು ಮುಂಚೆ

ಪರದೆ ಇಳಿದದ್ದೇ ತಡ, ಹಾಡುಗಾರ ಬಾಲ್ದೊ ವೇದಿಕೆಯಂಚಿನ ಗೂಡಿನೊಳಗೆ ತಲೆ ಹಾಕಿದ.

"ಏನಮ್ಮಾ ನೀವೆಸ್, ನಿದ್ದೆ ಹೊಡೀತಿದ್ಯಾ? ಎರಡನೇ ಚರಣಕ್ಕೂ ಮೊದಲನೇದರ ಪದಾನೇ ಎತ್ತಿಕೊಟ್ಟೆಯಲ್ಲ! ನಾಯಕಿಗೆ 'ಹೋಗು' ಅನ್ನೋ ಜಾಗದಲ್ಲಿ 'ಬಾ' ಅಂತ ಹಾಡಿದೆ. ಗ್ಯಾಲರಿಯೋರೆಲ್ಲ ಗೊಳ್ಳಂತ ನಕ್ಕರು!"

ನೀವೆಸ್ ಹಾಡಿನ ಪುಸ್ತಕ ಮುಚ್ಚಿಟ್ಟಳು. ಒಪೆರಾ ಹಾಡುವವರಿಗೆ ಪ್ರತಿ ಸಾಲಿನ ಮೊದಲ ಪದವನ್ನು ಒಂದುಸಿರು ಮುಂಚೆ ಪಿಸುಗುಟ್ಟುವುದು ಅವಳ ಕೆಲಸ. ಮೊದಲ ಪದ ಸಿಕ್ಕರೆ ಸಾಕು, ಉಳಿದದ್ದು ತಾನಾಗಿ ನಾಲಗೆಗೆ ಬರುತ್ತದೆ. ತ್ರಿಯೆಸ್ತೆ ಊರಿನ ರಂಗಮಂದಿರದ ಆ ಗೂಡಿನಲ್ಲಿ ಹನ್ನೊಂದು ವರ್ಷ ಕೂತವಳು ಒಂದು ಪದವೂ ತಪ್ಪಿರಲಿಲ್ಲ. ಇವತ್ತೂ ತಪ್ಪಿರಲಿಲ್ಲ.

ವಾದ್ಯವೃಂದವೆಲ್ಲ ಅವಳ ಬೆನ್ನ ಹಿಂದೆ. ಅದನ್ನು ನಡೆಸುವವನ ಕೈ ಕಾಣಲೆಂದು ಗೂಡಿನಲ್ಲೊಂದು ಅಂಗೈಯಗಲದ ಕನ್ನಡಿ. ಆರು ವಾರಗಳಿಂದ ಆ ಕನ್ನಡಿಯ ತುಂಬ ಹೊಸ ವಾದ್ಯನಿರ್ದೇಶಕ, ಮಾಯೆಸ್ತ್ರೋ ಎರ್ಮಾನ್ನೋ. ಕೊಳಲು ಬಂದಾಗ ಅವನ ಎಡಹುಬ್ಬು ಏರುವುದು, ಪಿಟೀಲುಗಳು ಇಳಿಯುವಾಗ ಕಣ್ಣು ಅರೆಮುಚ್ಚುವುದು, ಎಲ್ಲ ಅವಳಿಗೆ ಕಂಠಪಾಠ. ಅವನಿಗೋ, ಅವಳ ಮುಖದ ಪರಿಚಯವೇ ಇಲ್ಲ. ಇನ್ನೊಂದೂ ಅವಳಿಗೆ ಗೊತ್ತಿತ್ತು. ತಾಳದ ಕೋಲು ಆಡಿಸುವಾಗ ಅವನ ತುಟಿ ಸದ್ದಿಲ್ಲದೆ ಹಾಡುತ್ತಿತ್ತು. ಇವತ್ತು ಆ ತುಟಿ 'ಬಾ' ಎಂದಿತ್ತು. ಬಾಲ್ದೊ ಅದನ್ನೇ ನೋಡಿದ್ದ.

ಹೇಳೋಣವೆಂದರೆ, ರಂಗಮಂದಿರದ ಮುಖ್ಯ ಮಾಯೆಸ್ತ್ರೋ ಹುದ್ದೆಗೆ ಎರ್ಮಾನ್ನೋ ಹೆಸರು ನಾಳೆ ತೀರ್ಮಾನ; ಅದು ಕೈತಪ್ಪೀತು. ಸುಮ್ಮನಿದ್ದರೆ, ಇನ್ನು ಅವಳ ಪಿಸುಮಾತನ್ನು ನಂಬುವವರಾರು?

ಮರುದಿನ ಬೆಳಿಗ್ಗೆ ಗೂಡಿನ ಕಿರುಬಾಗಿಲು ಬಡಿದ ಸದ್ದು. ಎರ್ಮಾನ್ನೋ ಬಗ್ಗಿ ನಿಂತಿದ್ದ.

"ಸಿನ್ಯೋರಾ... ಓ, ಈ ಗೂಡಲ್ಲಿರೋದು ನೀವಾ? ವಯಸ್ಸಾದವರು ಇರ್ತಾರೆ ಅಂದ್ಕೊಂಡಿದ್ದೆ."

"ಇಲ್ಲಿನ ಧೂಳಿಗೆ ವಯಸ್ಸಾಗಿದೆ, ಮಾಯೆಸ್ತ್ರೋ. ನನಗಿನ್ನೂ ಇಲ್ಲ."

ಅವನ ಎಡಹುಬ್ಬು ಏರಿತು. ಕೊಳಲಿಲ್ಲದೆಯೂ ಏರುತ್ತದಲ್ಲ ಎಂದು ಅವಳಿಗೆ ಸೋಜಿಗ.

"ನಿನ್ನೆ ನಿಜಕ್ಕೂ ತಪ್ಪು ಹೇಳಿದ್ರಾ?"

ಅವಳು ಕನ್ನಡಿ ಕಳಚಿ ಅವನ ಕೈಗಿತ್ತಳು. "ಎರಡನೇ ಚರಣ ನಡೆಸಿ. ನಿಮ್ಮನ್ನೇ ನೋಡ್ಕೊಳ್ಳಿ."

ಅವನ ಬಲಗೈ ಗಾಳಿಯಲ್ಲಿ ತಾಳ ಹಾಕಿತು. ಅವಳು 'ಹೋಗು' ಎಂದು ಪಿಸುಗುಟ್ಟಿದಳು. ಕನ್ನಡಿಯೊಳಗಿನ ತುಟಿ 'ಬಾ' ಎಂದಿತು. ಅವನ ಕೈ ನಿಂತುಹೋಯಿತು.

"ಯಾಕೆ ಹೇಳ್ಲಿಲ್ಲ?"

"ಮೊದಲ ಪದ ಕೊಡೋದಷ್ಟೇ ನನ್ನ ಕೆಲಸ. ಉಳಿದದ್ದು ಬಾಯಿ ಇರೋರೇ ಹೇಳ್ಬೇಕು."

ಹತ್ತು ಗಂಟೆಗೆ ಅಭ್ಯಾಸ. ಅರವತ್ತು ಮಂದಿ ವಾದ್ಯಗಾರರು, ವೇದಿಕೆಯ ಮೇಲೆ ಮುಖ ಊದಿಸಿಕೊಂಡ ಬಾಲ್ದೊ, ಮೂರನೇ ಸಾಲಿನಲ್ಲಿ ರಂಗಮಂದಿರದ ಯಜಮಾನರು. ಎರ್ಮಾನ್ನೋ ಕೋಲು ಕೆಳಗಿಟ್ಟ. ಬಾಯಿ ತೆರೆದ. ಮಾತು ಹೊರಡಲಿಲ್ಲ.

ಗೂಡಿನಿಂದ ಮೆಲ್ಲಗೆ ಬಂತು: "ತಪ್ಪು..."

"ತಪ್ಪು ನನ್ನದು," ಎಂದ ಅವನು. "ನಿನ್ನೆ ನನ್ನ ತುಟಿ ನೋಡಿ ಬಾಲ್ದೊ ಹಾಡಿದ್ರು. ಸಿನ್ಯೋರಿನಾ ನೀವೆಸ್ ಸರಿಯಾಗೇ ಹೇಳಿದ್ರು."

ಬಾಲ್ದೊ ಗೂಡಿನ ಮುಂದೆ ಮಂಡಿಯೂರಿದ. "ಕ್ಷಮಿಸು ತಾಯಿ. ಬೇಕಾದ್ರೆ ಇವತ್ತು ಮಾಯೆಸ್ತ್ರೋ ಬಾಯಿಗೆ ಬೀಗ ಹಾಕಿಸ್ತೀನಿ."

ಯಜಮಾನರು ನಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಮುಖ್ಯ ಹುದ್ದೆ ಬೇರೆಯವರದಾಗಿತ್ತು. ಎರ್ಮಾನ್ನೋಗೆ ಉಳಿದದ್ದು ಗ್ರಾಟ್ಸ್ ಊರಿನಲ್ಲಿ ಎರಡನೇ ಮಾಯೆಸ್ತ್ರೋ ಕೆಲಸ, ನಾಳೆಯ ರೈಲು.

ಆ ಸಂಜೆ ಕೊನೆಯ ಪ್ರದರ್ಶನ. ಮತ್ತೆ ಗೂಡಿಗೆ ಸಿಕ್ಕಿಸಿದ ಕನ್ನಡಿಯಲ್ಲಿ ಅವನ ತುಟಿ ಹೊಲಿದಂತೆ ಮುಚ್ಚಿತ್ತು. ನೀವೆಸ್ 'ಹೋಗು' ಎಂದಳು, ಬಾಲ್ದೊ 'ಹೋಗು' ಎಂದು ಹಾಡಿದ, ಗ್ಯಾಲರಿ ಉಸಿರು ಬಿಗಿಹಿಡಿಯಿತು. ಆ ಪದ ಎಷ್ಟು ಭಾರವೆಂದು ಹನ್ನೊಂದು ವರ್ಷದಲ್ಲಿ ಅವಳಿಗೆ ತಿಳಿದದ್ದು ಅಂದೇ.

ಚಪ್ಪಾಳೆಯ ನಡುವೆ, ಕೊನೆಯ ದಿನದ ವಾಡಿಕೆಯಂತೆ, ಹಾಡಿದವರು ಒಬ್ಬೊಬ್ಬರೇ ಗೂಡಿಗೆ ಬಗ್ಗಿ ಅವಳ ಕೈ ಕುಲುಕಿದರು. ಕೊನೆಗೆ ಎರ್ಮಾನ್ನೋ ಬಗ್ಗಿದ. ಹಿಡಿದ ಕೈ ಬಿಡಲಿಲ್ಲ.

"ರೈಲು ಬೆಳಿಗ್ಗೆ ಒಂಬತ್ತಕ್ಕೆ," ಎಂದ. "ಹೇಳೋದೊಂದಿದೆ. ಮೊದಲ ಪದವೇ ಸಿಗ್ತಿಲ್ಲ."

ನೀವೆಸ್ ಅವನನ್ನೇ ನೋಡಿದಳು. ಕನ್ನಡಿಯಲ್ಲಲ್ಲ, ನೇರವಾಗಿ. ಆಮೇಲೆ ಪಿಸುಗುಟ್ಟಿದಳು: "ಬಾ..."

"ಬಾ, ನನ್ನ ಜೊತೆ," ಎಂದ ಅವನು ಒಂದೇ ಉಸಿರಿಗೆ. ಕಿವಿ ಕೆಂಪಾಗಿತ್ತು. "ಬರ್ತೀಯಾ?"

"ಆ ಪದ ಈಗ ಮೊದಲು ಹೇಳಿದ್ದು ಯಾರು, ಮಾಯೆಸ್ತ್ರೋ?" ಎಂದಳು ನೀವೆಸ್, ಅವನ ಕೈ ಹಿಡಿದೇ ಗೂಡಿನಿಂದ ಮೇಲೇರುತ್ತ.