ಸತ್ತವರ ಮೂಳೆ ಉಬ್ಬಿದ ವರ್ಷ

ಪ್ರೀತಿಯಲ್ಲಿ ನನಗೆ ಎದುರಾಳಿಯಾಗಿ ನಿಂತವನು ಒಬ್ಬ ಸತ್ತವನು. ಬದುಕಿದ್ದವರಾಗಿದ್ದರೆ ಇಡೀ ಸಿಸಿಲಿಯ ಗಂಡಸರು ಸಾಲುಗಟ್ಟಿ ಬಂದರೂ ಒಂದೇ ನಗೆಯಲ್ಲಿ ಮಲಗಿಸಿಬಿಡುತ್ತಿದ್ದೆ. ನನ್ನ ನಗೆ ಅಂಥದ್ದು. ಸಾರೋ ನಕ್ಕರೆ ಎಟ್ನಾ ಬೆಟ್ಟ ಹೊಗೆ ಬಿಡುವುದನ್ನು ನಿಲ್ಲಿಸಿ ಬಗ್ಗಿ ನೋಡುತ್ತದೆ ಎಂದು ನಮ್ಮೂರಿನಲ್ಲಿ ಹೇಳುತ್ತಾರೆ. ಮೊದಲು ಹೇಳಿದವನು ನಾನೇ ಇರಬಹುದು.

ಆದರೆ ಸತ್ತವನ ಮುಂದೆ ನಗೆ ಏನು ಮಾಡೀತು? ಅವನಿಗೆ ವಯಸ್ಸಾಗುವುದಿಲ್ಲ, ಹೊಟ್ಟೆ ಬರುವುದಿಲ್ಲ, ಅವನು ಒಂದು ತಪ್ಪು ಮಾತು ಆಡುವುದಿಲ್ಲ. ಗೋಡೆಯ ಮೇಲೆ ಚೌಕಟ್ಟಿನೊಳಗೆ ಕೂತು ಸುಮ್ಮನೆ ನೋಡುತ್ತಿರುತ್ತಾನೆ, ಅಷ್ಟೆ.

ಅವನ ಹೆಸರು ಆಲ್ಫಿಯೊ. ನನ್ನ ಜೀವದ ಗೆಳೆಯ. ಮೂರು ವರ್ಷದ ಹಿಂದೆ ಬೆಟ್ಟ ಕರಿಬೂದಿ ಸುರಿಸಿದ ಬೆಳಗ್ಗೆ ಸ್ಕೂಟರ್ ಹತ್ತಿ ಹೊರಟವನು, ಬೂದಿಯಲ್ಲಿ ಜಾರಿ, ಊರಾಚೆಯ ತಿರುವಿನಲ್ಲೇ ಉಳಿದುಹೋದ. ಅವನ ಹೆಂಡತಿ ವೆನೆರಾ. ನಾನು ಪ್ರೀತಿಸುವವಳೂ ಅವಳೇ.

ಅಕ್ಟೋಬರ್ ಮುಗಿಯುತ್ತಾ ಬಂದಿತ್ತು. ವೆನೆರಾಳ ಹೂವಿನ ಅಂಗಡಿ ಇರುವುದು ಸ್ಮಶಾನದ ಗೇಟಿನ ಪಕ್ಕದಲ್ಲಿ. ಸತ್ತವರ ಹಬ್ಬದ ವಾರದಲ್ಲಿ ಅಲ್ಲಿ ಸೇವಂತಿಗೆ ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಆ ಸೇವಂತಿಗೆಯನ್ನೆಲ್ಲ ನನ್ನ ಮೂರು ಗಾಲಿಯ ಗಾಡಿಯಲ್ಲಿ ಹೊತ್ತು ತರುವವನು ನಾನು.

"ಸಾರೋ, ಅದು ಹೂವು, ಸಿಮೆಂಟ್ ಮೂಟೆ ಅಲ್ಲ. ಮೆಲ್ಲಗೆ ಇಳಿಸೋ!"

"ನನ್ನ ಕೈಯಿಂದ ಇಳಿದ ಹೂವು ತಿಂಗಳಾದ್ರೂ ಬಾಡಲ್ಲ ಕಣೇ. ಸತ್ತವರೇ ಎದ್ದು ಕೂತು, ಸಾರೋ ತಂದ ಹೂವೇ ಬೇಕು ಅಂತ ಹಟ ಮಾಡ್ತಾರೆ."

"ಹಾಗಾದ್ರೆ ಅವರಿಗೇ ಹೇಳು, ಬೆಳಗ್ಗೆ ಬೇಗ ಬಂದು ಇಳಿಸ್ಕೊಳ್ಳಲಿ. ನನ್ನ ಸೊಂಟ ಬಿದ್ದೋಯ್ತು."

ಅವಳು ಬಗ್ಗಿ ದಂಟು ಕತ್ತರಿಸುತ್ತಿದ್ದಳು. ಹಣೆಯ ಕೂದಲಿಗೆ ಹಳದಿ ಎಸಳೊಂದು ಅಂಟಿತ್ತು. ಬಗ್ಗಿದಲ್ಲಿಂದಲೇ ನೋಟ ಮೇಲೆತ್ತಿದಳು. ಮೊದಲು ನನ್ನ ಶೂ, ಆಮೇಲೆ ಮೊಣಕಾಲು, ಆಮೇಲೆ ಬಹಳ ಹೊತ್ತಿನ ಮೇಲೆ ಮುಖ. ಶೂ ನೋಡುವುದರಲ್ಲಿ ತಪ್ಪೇನಿಲ್ಲ. ಚೂಪು ಮೂತಿಯ, ಕೆಂಪು ಲೇಸಿನ ಅಂಥ ಶೂ ಬೆಟ್ಟದ ಈ ಕಡೆ ಯಾರ ಹತ್ತಿರವೂ ಇಲ್ಲ. ನಾನು ಬೀದಿಯ ಆ ತುದಿಯಲ್ಲಿ ನಡೆದರೆ ಈ ತುದಿಯ ಕೋಳಿಗಳು ದಾರಿ ಬಿಡುತ್ತವೆ.

"ವೆನೆರಾ, ಈ ವರ್ಷವಾದ್ರೂ ಒಂದು ಉತ್ತರ ಹೇಳು."

ಅವಳ ನಗು ಹಿಂದಕ್ಕೆ ಸರಿಯಿತು. "ಮೂಳೆ ಉಬ್ಬಲಿ, ಹೇಳ್ತೀನಿ."

ನಗಬೇಡಿ. ನಮ್ಮಲ್ಲಿ ಈ ಹಬ್ಬಕ್ಕೆ ಮನೆಮನೆಯಲ್ಲೂ ಬೇಯಿಸುವ ಬಿಸ್ಕತ್ತಿಗೆ ಸತ್ತವರ ಮೂಳೆ ಎಂದೇ ಹೆಸರು. ಮೈದಾ, ಸಕ್ಕರೆ, ಲವಂಗ, ದಾಲ್ಚಿನ್ನಿ. ನಾದಿ, ಮೂಳೆಯ ಆಕಾರ ಮಾಡಿ, ಕೆಲವು ದಿನ ಒಣಗಲು ಬಿಟ್ಟು, ಹಬ್ಬದ ಸಂಜೆ ಒಲೆಗಿಡಬೇಕು. ಆಗ ಸಕ್ಕರೆಯೆಲ್ಲ ಕರಗಿ ಕೆಳಗಿಳಿದು ಕಂದು ಬಣ್ಣದ ತಳವಾಗುತ್ತದೆ. ಮೇಲಿನದು ಬೆಳ್ಳಗೆ, ಟೊಳ್ಳಾಗಿ, ಮಣ್ಣಿನಿಂದ ಎದ್ದ ಮೂಳೆಯ ಹಾಗೆಯೇ ಉಬ್ಬಿ ನಿಲ್ಲುತ್ತದೆ. ಆಲ್ಫಿಯೊ ಇದ್ದಾಗ ವೆನೆರಾಳ ಮೂಳೆಗಳು ಎಷ್ಟು ಉಬ್ಬುತ್ತಿದ್ದವೆಂದರೆ ಒಲೆಯ ಬಾಗಿಲು ಮುಚ್ಚುತ್ತಿರಲಿಲ್ಲ. ಅವನು ಹೋದ ಮೇಲೆ ಒಂದೂ ಉಬ್ಬಿಲ್ಲ. ಚಪ್ಪಟೆ, ಕಂದು, ಕಲ್ಲು. ಆಲ್ಫಿಯೊನ ಅಂಗೈ ಒತ್ತಿ ಹಿಡಿದಿದೆ ಎಂದು ಊರು ಹೇಳಿತು. ಕೇಳಿ ಕೇಳಿ ನಾನೂ ನಂಬಿದ್ದೆ. ಒಮ್ಮೊಮ್ಮೆ ಗಾಡಿ ಓಡಿಸುವಾಗ ನನ್ನ ಹೆಗಲ ಮೇಲೂ ಆ ಅಂಗೈ ಕೂತಂತಾಗುತ್ತಿತ್ತು. ತಣ್ಣಗೆ, ಗೆಳೆಯರು ಕೈಯಿಡುವ ಹಾಗೆಯೇ.

ಸತ್ತವನು ಅಂಗೈ ಎತ್ತುವುದಿಲ್ಲ ಎಂದಾದರೆ ನಾನೇ ಏನಾದರೂ ಮಾಡಬೇಕಲ್ಲ. ಉಪಾಯದಲ್ಲಿ ನನ್ನನ್ನು ಮೀರಿಸುವವರು ಇನ್ನೂ ಹುಟ್ಟಿಲ್ಲ. ನನ್ನ ಚಿಕ್ಕಮ್ಮ ಮರೂಚ್ಚಾಳ ಮೂಳೆಗಳು ಉಬ್ಬದ ವರ್ಷವೇ ಇಲ್ಲ. ಅವಳು ಒಣಗಿಸಿಟ್ಟ ಹಸಿ ಮೂಳೆಗಳ ಒಂದು ಟ್ರೇ ಎತ್ತಿಕೊಂಡು ಹೋಗಿ ವೆನೆರಾಳ ಟ್ರೇಯ ಜಾಗದಲ್ಲಿ ಇಟ್ಟರೆ ಮುಗಿಯಿತು.

"ಒಂದು ಟ್ರೇ ಪೂರ್ತಿ ಯಾಕೋ ನಿಂಗೆ?" ಚಿಕ್ಕಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ನಾನೇ ಬೇಯಿಸ್ತೀನಿ."

"ನೀನು ನೀರು ಕಾಯಿಸಿದ್ರೂ ಸೀದುಹೋಗುತ್ತೆ. ಹೋಗ್ಲಿ, ಮನೇಲಿ ತುರಿಮಣೆ ಬಚ್ಚಿಟ್ಟಿದ್ದೀಯಾ? ನಿನ್ನಂಥೋನ ಪಾದಾನೇ ಅವರು ಮೊದಲು ತುರಿಯೋದು."

ಅದೊಂದಿದೆ. ಹಬ್ಬದ ರಾತ್ರಿ ಸತ್ತವರು ತಮ್ಮ ತಮ್ಮವರ ಮನೆಗೆ ಬರುತ್ತಾರೆ. ಒಳ್ಳೆಯವರಿಗೆ ಉಡುಗೊರೆ ಇಟ್ಟು ಹೋಗುತ್ತಾರೆ. ಕೆಟ್ಟವರ ಪಾದಗಳನ್ನು ಅಡುಗೆಮನೆಯ ಚೀಸ್ ತುರಿಮಣೆಯಿಂದಲೇ ತುರಿಯುತ್ತಾರೆ. ಹಾಗಾಗಿ ಆ ಸಂಜೆ ಊರಿನ ಯಾವ ಮನೆಯಲ್ಲೂ ತುರಿಮಣೆ ಕಣ್ಣಿಗೆ ಬೀಳುವುದಿಲ್ಲ. ಸತ್ತ ಗೆಳೆಯನ ಹೆಂಡತಿಯನ್ನು ಬಯಸುವವನು ಒಳ್ಳೆಯವನೋ ಕೆಟ್ಟವನೋ? ನಾನು ಆ ಪ್ರಶ್ನೆಯನ್ನು ಬಹಳ ಸಲ ಕೇಳಿಕೊಂಡಿದ್ದೆ. ಮನೆಯಲ್ಲಿ ತುರಿಮಣೆ ಇಟ್ಟುಕೊಳ್ಳುವುದನ್ನೇ ಬಿಟ್ಟಿದ್ದೆ.

ನವೆಂಬರ್ ಒಂದರ ಮಧ್ಯಾಹ್ನ ಊರಿಗೆ ಊರೇ ಸ್ಮಶಾನದಲ್ಲಿತ್ತು. ನಾನು ಟ್ರೇ ಹೊತ್ತು ವೆನೆರಾಳ ಹಿತ್ತಿಲಿಗೆ ನುಗ್ಗಿದೆ. ನನ್ನ ಶೂಗಳ ಸದ್ದು ಚರ್ಚಿನ ಗಂಟೆಯಷ್ಟು ದೂರ ಕೇಳುವುದರಿಂದ ಅವನ್ನು ಹೊಸ್ತಿಲ ಹೊರಗೇ ಬಿಚ್ಚಿಟ್ಟೆ.

ಬಾಗಿಲು ತಳ್ಳಿದವನು ಅಲ್ಲೇ ನಿಂತೆ.

ಅಡುಗೆಮನೆಯ ಕಿಟಕಿ ತೆರೆದಿತ್ತು. ಆಲ್ಫಿಯೊ ಸತ್ತ ದಿನ ಮುಚ್ಚಿದ ಕಿಟಕಿ ಅದು. ಬೆಟ್ಟದ ಕಡೆಯಿಂದ ಒಣ ಗಾಳಿ ಬೀಸುತ್ತಿತ್ತು. ಟ್ರೇಗಳ ಮೇಲಿನ ಬಟ್ಟೆ ಮೆಲ್ಲಗೆ ಏಳುತ್ತಿತ್ತು, ಇಳಿಯುತ್ತಿತ್ತು, ಕೆಳಗೆ ಯಾರೋ ಮಲಗಿ ಉಸಿರಾಡುತ್ತಿರುವ ಹಾಗೆ. ಆ ಗಾಳಿಯಲ್ಲಿ ಸಿಗರೇಟಿನ ವಾಸನೆ. ಅವನದೇ ಸಿಗರೇಟು. ಅಷ್ಟು ಘಾಟಿನದನ್ನು ಊರಲ್ಲಿ ಬೇರೆ ಯಾರೂ ಸೇದುತ್ತಿರಲಿಲ್ಲ.

ಧೈರ್ಯದಲ್ಲಿ ನಾನು ಸಿಂಹ. ಟ್ರೇಯನ್ನು ಮಾತ್ರ ಯಾಕೋ ಗುರಾಣಿಯ ಹಾಗೆ ಎದೆಗೆ ಅಡ್ಡ ಹಿಡಿದುಕೊಂಡೆ.

"ಕಾಲು ಒರೆಸ್ಕೊಂಡು ಒಳಗೆ ಬಾ," ಎಂದಿತು ಮೂಲೆಯ ಕತ್ತಲು.

ನಾನು ಕೂಗಲಿಲ್ಲ. ಕೂಗಿದೆ ಎಂದು ಆಮೇಲೆ ದೊನ್ನಾ ಫಿಲಿಪ್ಪಾ ಊರಿಗೆಲ್ಲ ಹೇಳಿದ್ದು ಶುದ್ಧ ಉತ್ಪ್ರೇಕ್ಷೆ. ಅವರು ಆಲ್ಫಿಯೊನ ತಾಯಿ, ವೆನೆರಾಳ ಅತ್ತೆ. ಕಪ್ಪು ಶಾಲು ಹೊದ್ದು ಆ ಮೂಲೆಯ ಕುರ್ಚಿಯಲ್ಲಿ ಕೂತಿದ್ದರು.

"ತೋರಿಸು ಅದನ್ನ." ಟ್ರೇಯ ಮೇಲೆ ಮೂಗು ಆಡಿಸಿದರು. "ಮರೂಚ್ಚಾಳದ್ದು. ಹೀಗೆ ಲವಂಗ ಸುರಿಯೋಳು ಅವಳೊಬ್ಬಳೇ. ವೆನೆರಾ ಬಾಗಿಲಲ್ಲೇ ಕಂಡುಹಿಡೀತಿದ್ಲು, ದಡ್ಡ."

"ದೊನ್ನಾ ಫಿಲಿಪ್ಪಾ, ನಾನು ಸುಮ್ನೆ..."

"ನೀನು ಯಾವತ್ತು ಸುಮ್ನಿದ್ದೆ? ಕೂತ್ಕೋ." ಅವರು ಕಿಟಕಿ ತೋರಿಸಿದರು. "ನನ್ನ ಮಗ ಬೆಳಗ್ಗೆ ಎದ್ದು ಇದನ್ನ ತೆಗೆದು ಇಲ್ಲೇ ನಿಂತು ಸಿಗರೇಟು ಸೇದೋನು. ಅಮ್ಮನಿಗೆ ಗೊತ್ತಿಲ್ಲ ಅನ್ಕೊಂಡಿದ್ದ. ಬೆಟ್ಟದ ಗಾಳಿ ಸೀದಾ ಈ ಟ್ರೇಗಳ ಮೇಲೆ ಹಾದುಹೋಗೋದು. ಮೂಳೆ ಚೆನ್ನಾಗಿ ಒಣಗ್ತಿತ್ತು. ಅವನು ಹೋದ, ಸಾವಿನ ಮನೆ ಅಂತ ಕಿಟಕಿ ಮುಚ್ಚಿದೆ. ಆ ವರ್ಷ ಮೂಳೆ ಉಬ್ಬಲಿಲ್ಲ. ಅವಳ ಗಂಡನ ಅಂಗೈ ಅಂದ್ರು ಜನ. ನನಗೆ ನಿಜ ಗೊತ್ತಿತ್ತು, ಸಾರೋ. ಸುಮ್ನಿದ್ದೆ. ಮಗನ ಹೆಸರಲ್ಲಿ ಸೊಸೆ ನನ್ನ ಹತ್ರ ಉಳೀತಾಳೆ ಅಂತ ಸುಮ್ನಿದ್ದೆ."

ಬಟ್ಟೆ ಏಳುತ್ತಿತ್ತು, ಇಳಿಯುತ್ತಿತ್ತು.

"ಮತ್ತೆ ಈಗ ಯಾಕೆ ತೆಗೆದ್ರಿ?"

"ಈ ಸಲ ಹಿಟ್ಟು ನಾದೋವಾಗ ಅವಳು ಹಾಡು ಗುನುಗ್ತಾ ಇದ್ಲು. ನಾನು ಒಳಗೆ ಬಂದೆ. ಟಕ್ ಅಂತ ನಿಲ್ಲಿಸಿಬಿಟ್ಟಳು." ಶಾಲಿನ ತುದಿಯಿಂದ ಮೂಗು ಒರೆಸಿಕೊಂಡರು. "ನನ್ನನ್ನ ಕಂಡು ಹಾಡು ನುಂಗಿದ್ಲು ಕಣೋ. ಅವತ್ತಿನಿಂದ ಅವಳು ಅಂಗಡಿಗೆ ಹೋದ ತಕ್ಷಣ ತೆಗೀತೀನಿ, ಬರೋ ಹೊತ್ತಿಗೆ ಮುಚ್ತೀನಿ."

ನಾನು ಕಿಟಕಿಯ ಕಡೆ ಮೂಗೆತ್ತಿ ಕೇಳಿದೆ: "ಅದಕ್ಕೆ ಅವನ ಸಿಗರೇಟು ಹಚ್ಚಿಟ್ರಾ?"

"ಯಾವ ಸಿಗರೇಟು? ನೀನೇ ಸೇದ್ಕೊಂಡು ಬಂದೆ ಅಂತ ಬೈಬೇಕು ಅಂತಿದ್ದೆ."

ನಾನು ಹುಟ್ಟಿದ ಮೇಲೆ ಸಿಗರೇಟು ಮುಟ್ಟಿಲ್ಲ. ಅವರಿಗೂ ಅದು ಗೊತ್ತು. ನಾವಿಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ, ಕಿಟಕಿಯನ್ನೂ ನೋಡಲಿಲ್ಲ. ಅಷ್ಟರಲ್ಲಿ ಚರ್ಚಿನ ಗಂಟೆ ಹೊಡೆಯಿತು, ಜನ ಮನೆಗೆ ಮರಳುವ ಹೊತ್ತು. ನಾನು ಟ್ರೇ ಎತ್ತಿಕೊಂಡು ಓಡಿದೆ. ಇಡೀ ಯುರೋಪಿನಲ್ಲಿ ಅಷ್ಟು ವೇಗವಾಗಿ ಯಾರೂ ಓಡಿರಲಾರರು. ಬೂದಿ ಬಿದ್ದ ಬೀದಿಯಲ್ಲಿ ಪಾದಗಳು ಕರ್ರಗಾದಾಗಲೇ ಗೊತ್ತಾದದ್ದು, ಶೂ ಅಲ್ಲೇ ಬಿಟ್ಟು ಬಂದಿದ್ದೆ.

ಸಂಜೆ ವೆನೆರಾಳ ಅಡುಗೆಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ನೆರೆಯವರು, ಗೆಳತಿಯರು, ನನ್ನ ಚಿಕ್ಕಮ್ಮ, ಹೊಸ ವೈನಿನ ಜಗ್ಗು, ಸುಟ್ಟ ಚೆಸ್ಟ್‌ನಟ್ ಕಾಯಿಗಳ ರಾಶಿ. ಕಿಟಕಿ ಮುಚ್ಚಿತ್ತು. ದೊನ್ನಾ ಫಿಲಿಪ್ಪಾ ಎಲ್ಲರ ಕಣ್ಣೆದುರೇ ತುರಿಮಣೆಯನ್ನು ಹಿಟ್ಟಿನ ಡಬ್ಬಿಯ ತಳದಲ್ಲಿ ಹೂತು, ಮುಚ್ಚಳ ಹಾಕಿ, ಮೇಲೆ ಕಬ್ಬಿಣದ ಬಾಣಲೆ ಹೇರಿದರು.

ವೆನೆರಾಳ ನೋಟ ನನ್ನ ರಬ್ಬರ್ ಚಪ್ಪಲಿಯ ಮೇಲೆ ಬಿತ್ತು. ಅಲ್ಲೇ ನಿಂತಿತು.

"ನಿನ್ನ ಶೂ ಎಲ್ಲಿ, ಸಾರೋ?"

"ಪಾಲಿಶ್‌ಗೆ ಕೊಟ್ಟಿದ್ದೀನಿ."

"ಹಬ್ಬದ ದಿನ?"

"ಅಂಥ ಶೂಗೆ ಹಬ್ಬದ ದಿನಾನೇ ಪಾಲಿಶ್ ಹಾಕೋದು."

ಅವಳ ತುಟಿಯ ಒಂದು ಮೂಲೆ ಮಾತ್ರ ಅಲುಗಿತು. ಇನ್ನೊಂದು ಮೂಲೆ ಗಂಭೀರವಾಗಿಯೇ ಇತ್ತು. ಆ ಎರಡು ಮೂಲೆಗಳ ನಡುವೆ ನಾನು ಒಂದು ಜನ್ಮ ಕಳೆಯಬಲ್ಲೆ.

ಅವಳು ಒಲೆಯ ಬಾಗಿಲು ತೆಗೆದಳು. ಎಲ್ಲರೂ ಕತ್ತು ಚಾಚಿದರು.

ಮೂಳೆಗಳು ಎದ್ದಿದ್ದವು. ಬೆಳ್ಳಗೆ, ಒಂದೊಂದೂ ನನ್ನ ತೊಡೆಯಷ್ಟು. ಸರಿ, ಬೆರಳಷ್ಟು. ಯಾರೋ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡರು. "ಆಲ್ಫಿಯೊ ಕೈ ತೆಗೆದ," ಎಂದು ಚಿಕ್ಕಮ್ಮ ಪಿಸುಗುಟ್ಟಿದಳು.

ವೆನೆರಾ ನನ್ನನ್ನು ನೋಡಲಿಲ್ಲ. ಗೋಡೆಯ ಮೇಲಿನ ಆಲ್ಫಿಯೊನನ್ನೂ ನೋಡಲಿಲ್ಲ. ಅತ್ತೆಯನ್ನು ನೋಡಿದಳು, ಬಹಳ ಹೊತ್ತು. ಆಮೇಲೆ "ತಣ್ಣಗಾಗಲಿ," ಎಂದಳು. ಅಷ್ಟೇ. ನನಗೆ ಉತ್ತರವೇ ಸಿಗಲಿಲ್ಲ. ಮನೆಗೆ ಹೋಗಿ ಹೊದ್ದು ಮಲಗಿದೆ, ಪಾದಗಳನ್ನು ಮಾತ್ರ ಹೊದಿಕೆಯೊಳಗೆ ಸುತ್ತಿ ಸುತ್ತಿ ಕಟ್ಟಿಕೊಂಡು.

ಬೆಳಗ್ಗೆ ಬಾಗಿಲು ತೆಗೆದರೆ ಹೊಸ್ತಿಲಲ್ಲಿ ನನ್ನ ಶೂ. ಹೊಳೆಯುವ ಹಾಗೆ ಒರೆಸಿದ್ದರು. ಎರಡರಲ್ಲೂ ತುಂಬಿ ತುಳುಕುವಷ್ಟು ಬಿಳಿ ಮೂಳೆಗಳು.

ಸತ್ತವರ ದಿನದ ಬೆಳಗ್ಗೆ ನಮ್ಮೂರಿನಲ್ಲಿ ಯಾರು ಎದುರಾದರೂ ಕೇಳುವುದು ಒಂದೇ ಪ್ರಶ್ನೆ. ಆಲ್ಫಿಯೊನ ಸಮಾಧಿಯ ಹತ್ತಿರ, ತೋಳಿನ ತುಂಬ ಸೇವಂತಿಗೆ ಹಿಡಿದು ನಿಂತಿದ್ದ ವೆನೆರಾ ಅದನ್ನೇ ಕೇಳಿದಳು.

"ಸತ್ತವರು ನಿನಗೆ ಏನು ತಂದ್ರು, ಸಾರೋ?"

"ನನ್ನದೇ ಶೂ."

"ಒಳ್ಳೆಯವನು ಅಂತಾಯ್ತು." ಹೂವಿನ ಮರೆಯಿಂದ ನೋಡಿದಳು. "ಅತ್ತೆ ರಾತ್ರಿ ಎಲ್ಲಾ ಹೇಳಿದ್ರು. ಕಿಟಕಿ ವಿಷಯ. ತುಂಬಾ ಅತ್ತರು."

"ನಿಂಗೆ ಸಿಟ್ಟು ಬರಲಿಲ್ವಾ? ಮೂರು ವರ್ಷ ವೆನೆರಾ!"

"ನಂಗೆ ಗೊತ್ತಿತ್ತು."

"ಏನು ಗೊತ್ತಿತ್ತು?"

"ಬೆಳಗ್ಗೆ ಪಕ್ಕದಿಂದ ಎದ್ದು ಹೋಗೋ ಗಂಡ ಎಲ್ಲಿ ನಿಂತು ಸಿಗರೇಟು ಸೇದ್ತಾನೆ ಅಂತ ಹೆಂಡತಿಗೆ ಗೊತ್ತಿರಲ್ವೇನೋ? ಮೂಳೆಗೆ ಗಾಳಿ ಬೇಕು ಅಂತ ಗೊತ್ತಿರಲ್ವಾ?"

"ಹಾಗಾದ್ರೆ ನೀನೇ ತೆಗೀಬಹುದಿತ್ತಲ್ಲೇ!"

"ನಾನು ತೆಗೆದಿದ್ರೆ ಅದು ಬರೀ ಕಿಟಕಿ." ಅವಳು ಬಗ್ಗಿ ಹೂವನ್ನು ಕಲ್ಲಿನ ಮೇಲೆ ಒಂದೊಂದಾಗಿ ಇಟ್ಟಳು. "ಮಗನನ್ನ ಕಳ್ಕೊಂಡೋರು ಅವರು. ಅವರ ಕೈಯಾರೆ ತೆಗೀಬೇಕಿತ್ತು."

"ತೆಗೀದೇ ಇದ್ದಿದ್ರೆ?"

"ನಿನ್ನ ಹೂವು ಇಳಿಸ್ಕೊಳ್ತಾ ಮುದುಕಿ ಆಗ್ತಿದ್ದೆ." ಅವಳು ಎದ್ದು ನನ್ನ ತೋಳು ಹಿಡಿದಳು. ಮಣ್ಣು, ಲವಂಗ, ಹೂವಿನ ಕಹಿ ಎಲ್ಲ ಸೇರಿದ ವಾಸನೆಯ ಕೈ. "ಅತ್ತೆ ನಮ್ಮ ಜೊತೇನೇ ಇರ್ತಾರೆ, ಹೇಳಿಬಿಟ್ಟೆ. ಮತ್ತೆ ನಿನ್ನ ಚಿಕ್ಕಮ್ಮನ ಲವಂಗ ನನ್ನ ಅಡುಗೆಮನೆ ಹೊಸ್ತಿಲು ದಾಟಬಾರದು."

ನನ್ನ ಎದೆಯ ಸದ್ದಿಗೆ ಸ್ಮಶಾನದ ಪಾರಿವಾಳಗಳೆಲ್ಲ ಹಾರಿಹೋದವು. ಬೇಕಾದರೆ ಕೇಳಿ ನೋಡಿ.

"ಅಷ್ಟು ಕತ್ತಲಲ್ಲಿ ನಮ್ಮ ಬೀದಿ ಹತ್ತಿ ಶೂ ತಂದಿಟ್ಯಲ್ಲ," ಎಂದೆ. "ಕೂಗಬಾರದಿತ್ತಾ?"

ವೆನೆರಾಳ ಹಿಡಿತ ಬಿಗಿಯಾಯಿತು. "ನಾನು ಮೂಳೆ ತುಂಬಿ ನಮ್ಮ ಬಾಗಿಲಲ್ಲೇ ಇಟ್ಟಿದ್ದೆ. ಬೆಳಗ್ಗೆ ಇರಲಿಲ್ಲ. ನೀನೇ ಬಂದು ತಗೊಂಡು ಹೋದೆ ಅನ್ಕೊಂಡೆ."

ಹಿಂದಿನಿಂದ ನಿಧಾನವಾಗಿ ಬರುತ್ತಿದ್ದ ದೊನ್ನಾ ಫಿಲಿಪ್ಪಾರ ಮೊಣಕಾಲು ನಮ್ಮ ಬೀದಿಯ ಏರು ಹತ್ತಿ ಎಷ್ಟೋ ವರ್ಷವಾಗಿತ್ತು. ಅವರನ್ನು ಕೇಳುವ ಹಾಗೂ ಇರಲಿಲ್ಲ. ಹತ್ತಿರ ಬಂದವರೇ ಅವರು ಗೊಣಗಿದರು: "ಬೆಳಗ್ಗೆ ಎದ್ದು ಬಾಣಲೆ ಎತ್ತಿ ಡಬ್ಬಿ ತೆಗೆದು ನೋಡಿದರೆ ನನ್ನ ತುರಿಮಣೆ ಇಲ್ಲ ಕಣ್ರೋ."

ನಾನು ಕೋಟಿನ ಒಳಗಿನಿಂದ ಅದನ್ನು ಹೊರತೆಗೆದೆ. ಬೆಳಗ್ಗೆ ಶೂಗಳನ್ನು ಎತ್ತಿದಾಗ ಅವುಗಳ ಅಡಿಯಲ್ಲಿ ಸಿಕ್ಕಿದ್ದು. ಅದರ ಮೇಲೆ ಇನ್ನೂ ಸಿಗರೇಟಿನ ವಾಸನೆಯಿತ್ತು.

ಮೂವರೂ ಅದನ್ನು ಬೆಳಕಿಗೆ ಹಿಡಿದು ನೋಡಿದೆವು. ಒಂದೊಂದು ಹಲ್ಲಿನ ಮೇಲೂ ಡಬ್ಬಿಯ ಹಿಟ್ಟು ಹಾಗೇ ಕೂತಿತ್ತು, ಬಿಳಿ, ತೆಳ್ಳಗೆ, ಒಂದು ಕಣವೂ ಅಳಿಸದೆ. ನನ್ನ ಮನೆಯ ತನಕ ಅದನ್ನು ಹೊತ್ತು ತಂದವನು, ಬಳಸದೆ ಇಟ್ಟು ಹೋಗಿದ್ದ.